ವ್ಯಾನಿಟಿ ಫೇರ್: ಚಿತ್ರಗಳಿರುವ ಪ್ರತಿಯನ್ನೇ ಕೊಳ್ಳಿ

ಇಂಗ್ಲಿಷ್ ಲೇಖಕ ಥ್ಯಾಕರೆಯ ಈ ಕಾದಂಬರಿ ಕೊಳ್ಳುವಾಗ ಬೆಲೆಗಿಂತ ಮೊದಲು, ಲೇಖಕನೇ ಬರೆದ ಚಿತ್ರಗಳು ಒಳಗಿವೆಯೇ ನೋಡಿ. ಅಗ್ಗದ ಮರುಮುದ್ರಣಗಳು ಎಷ್ಟೋ ಸಲ ಅವನ್ನು ಕೈಬಿಟ್ಟಿರುತ್ತವೆ. ಹಾಗಾದರೆ ಕಥೆಯೇ ಅರ್ಧ ಹೋದಂತೆ. ಕೊನೆಯ 67ನೇ ಅಧ್ಯಾಯದಲ್ಲಿ ಕಥಾನಾಯಕಿ ಬೆಕಿ ಶಾರ್ಪ್‌ಳ ಗೆಳತಿಯ ಅಣ್ಣ ಜೋಸ್ ಸೆಡ್ಲಿ ಹೇಗೆ ಸತ್ತ ಎಂದು ಥ್ಯಾಕರೆ ಬಾಯಿಬಿಡುವುದಿಲ್ಲ. ವಿಮೆ ಹಣದ ಬಗ್ಗೆ ಅನುಮಾನ ಹುಟ್ಟಿಸಿ ಸುಮ್ಮನಾಗುತ್ತಾನೆ. ಚಿತ್ರದಲ್ಲೋ, ಬೆಕಿ ಪರದೆಯ ಹಿಂದೆ ನಿಂತಿದ್ದಾಳೆ. ಕೆಳಗೆ ಗಂಡನನ್ನು ಕೊಂದ ಗ್ರೀಕ್ ರಾಣಿ ಕ್ಲೈಟೆಮ್ನೆಸ್ಟ್ರಾಳ ಹೆಸರಿದೆ.

1847ರ ಜನವರಿಯಿಂದ 1848ರ ಜುಲೈವರೆಗೆ ತಿಂಗಳ ಕಂತುಗಳಾಗಿ ಬಂದ ಈ ಕಥೆ ನಡೆಯುವುದು ಅದಕ್ಕೂ 30 ವರ್ಷ ಹಿಂದೆ, ವಾಟರ್ಲೂ ಯುದ್ಧದ ಆಸುಪಾಸಿನಲ್ಲಿ. ರಣರಂಗ ಕಾಣುತ್ತದೆಂದು ಕಾಯಬೇಡಿ. ಹತ್ತಿರದ ಬ್ರಸೆಲ್ಸ್‌ಗೆ ಫಿರಂಗಿಯ ಸದ್ದಷ್ಟೇ ಕೇಳಿಸುತ್ತದೆ; ಓಡಿಹೋಗಲು ಹವಣಿಸುವ ಜೋಸ್‌ಗೆ ಬೆಕಿ ತನ್ನ ಕುದುರೆಗಳನ್ನು ಬಾಯಿಗೆ ಬಂದ ಬೆಲೆಗೆ ಮಾರುತ್ತಾಳೆ.

ಬಡ ಡ್ರಾಯಿಂಗ್ ಮೇಷ್ಟರ ಮಗಳು ಬೆಕಿ ದೊರೆಯ ದರ್ಬಾರಿನವರೆಗೆ ಏರುವ ಕಥೆಯಿದು. ಮೂರನೇ ಅಧ್ಯಾಯದಲ್ಲೇ ಅವಳ ಹಟ ಕಾಣುತ್ತದೆ: ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಜೋಸ್‌ನನ್ನು ಒಲಿಸಿಕೊಳ್ಳಲು ಖಾರದ ಕರಿ ತಿನ್ನುತ್ತಾಳೆ, ‘ಚಿಲ್ಲಿ’ ಎಂಬ ಹೆಸರು ಕೇಳಿ ತಂಪಿರಬಹುದೆಂದು ಮೆಣಸಿನಕಾಯಿ ಕಚ್ಚಿ, ತಡೆಯಲಾರದೆ ನೀರು ಕೇಳುತ್ತಾಳೆ. ಥ್ಯಾಕರೆ ಹುಟ್ಟಿದ್ದು ಕಲ್ಕತ್ತೆಯಲ್ಲಿ, 1811ರಲ್ಲಿ. ಕಂಪನಿ ಅಧಿಕಾರಿಗಳ ಠೀವಿ ಅವನಿಗೆ ಚೆನ್ನಾಗಿ ಗೊತ್ತು.

ಪುಸ್ತಕದ ಜೀವ ಇರುವುದು 36 ಮತ್ತು 37ನೇ ಅಧ್ಯಾಯಗಳಲ್ಲಿ. ಆದಾಯವೇ ಇಲ್ಲದೆ ಶ್ರೀಮಂತರಂತೆ ಬದುಕುವುದು ಹೇಗೆ ಎಂಬ ಲೆಕ್ಕವನ್ನು ಅಲ್ಲಿ ಬಿಚ್ಚಿಡುತ್ತಾನೆ. ಬೆಕಿ ದಂಪತಿ ಇರುವ ಕರ್ಜನ್ ಸ್ಟ್ರೀಟ್ ಮನೆ ರ್‍ಯಾಗಲ್ಸ್ ಎಂಬ ಹಳೇ ಬಟ್ಲರ್‌ನದು. ದುಡಿದು ಕೂಡಿಟ್ಟ ಹಣದಲ್ಲಿ ಕೊಂಡದ್ದು. ಬಾಡಿಗೆ ಬಾರದೆ ಅವನು ಮುಳುಗುತ್ತಾನೆ. ಮೇಲ್ವರ್ಗದ ಥಳಕಿನ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆಂದು ಇಷ್ಟು ನೇರವಾಗಿ ತೋರಿಸಿದ ಕಾದಂಬರಿಗಳು ಕಡಿಮೆ. 53ನೇ ಅಧ್ಯಾಯದಲ್ಲಿ ಸಾಲ ತೀರಿಸದೆ ಬಂಧನದಲ್ಲಿದ್ದ ಗಂಡ ರಾಡನ್, ಬಿಡುಗಡೆಯಾಗಿ ಮನೆಗೆ ಬಂದು ಅವಳ ಪುಟ್ಟ ಡೆಸ್ಕ್ ತಡಕಿದಾಗ, ಅವಳ ಬೆನ್ನಿಗೆ ಬಿದ್ದಿದ್ದ ಸಿರಿವಂತ ಲಾರ್ಡ್ ಸ್ಟೇನ್ ಕೊಟ್ಟ ಸಾವಿರ ಪೌಂಡಿನ ನೋಟು ಸಿಗುತ್ತದೆ. ನೂರು ಪೌಂಡನ್ನಾದರೂ ನನಗಾಗಿ ಬಿಚ್ಚಬಹುದಿತ್ತಲ್ಲ ಎಂಬುದೇ ಅವನ ಸಂಕಟ. ಮಾತಿನ ಗದ್ದಲವಿಲ್ಲದ ಆ ದೃಶ್ಯ ಇಡೀ ಕಾದಂಬರಿಯ ಶಿಖರ.

ಕೊರತೆಗಳೂ ಇವೆ. ವೆಸ್ಟ್ ಇಂಡೀಸ್‌ನ ಸಿರಿವಂತ ಹುಡುಗಿ ರೋಡಾ ಸ್ವಾರ್ಟ್ಸ್‌ಳನ್ನು ಅವಳ ಮೈಬಣ್ಣಕ್ಕಾಗಿ ಗೇಲಿ ಮಾಡುವುದು ಅಸಹ್ಯ ಹುಟ್ಟಿಸುತ್ತದೆ.

ಓದುಗರು ಸಾಮಾನ್ಯವಾಗಿ ಎಡವುವುದು 7ನೇ ಅಧ್ಯಾಯದಿಂದ, ರಾಡನ್‌ನ ಕ್ರಾಲಿ ಮನೆತನ ಬಂದಾಗ. ಅಪ್ಪನೂ ಪಿಟ್, ಹಿರಿಯ ಮಗನೂ ಪಿಟ್. ಜೊತೆಗೆ ಪಾದ್ರಿ ತಮ್ಮ ಬ್ಯೂಟ್, ಹಣವಂತ ಮಲಸಹೋದರಿ. ಆಸ್ತಿ ಯಾರಿಂದ ಯಾರಿಗೆ ಹೋಗಬಹುದು ಎಂದು ಒಂದು ಚೀಟಿಯಲ್ಲಿ ವಂಶವೃಕ್ಷ ಬರೆದಿಟ್ಟುಕೊಳ್ಳಿ. ಒಂದೇ ಉಸಿರಿಗೆ ಓದಲೂ ಹೋಗಬೇಡಿ. ಕಂತಿನ ಲೆಕ್ಕದಲ್ಲೇ, ಮೂರು ನಾಲ್ಕು ಅಧ್ಯಾಯಕ್ಕೊಮ್ಮೆ ನಿಲ್ಲಿಸಿದರೆ ನಿರೂಪಕನ ಅಡ್ಡಮಾತುಗಳು ಬೇಸರ ತರುವುದಿಲ್ಲ.