ಹಸುವಿನ ಕಿವಿಯ ಓಲೆ ನಂಬರು ಇವತ್ತೇ ನೋಡಿ: ನನಗೆ 60 ಸಾವಿರ ಕೈತಪ್ಪಿದ್ದು ಹೀಗೆ

ವಿಮೆ ಮಾಡಿಸಿದ ಹಸು ಅಥವಾ ಎಮ್ಮೆ ಮನೆಯಲ್ಲಿದ್ದರೆ ಇದನ್ನು ಓದುವ ಮೊದಲು ಒಂದು ಕೆಲಸ ಮಾಡಿ. ಕೊಟ್ಟಿಗೆಗೆ ಹೋಗಿ ಅದರ ಕಿವಿಯ ಹಳದಿ ಓಲೆಯಲ್ಲಿರುವ ನಂಬರು ಬರೆದುಕೊಳ್ಳಿ. 12 ಅಂಕಿ ಇರುತ್ತದೆ. ಆಮೇಲೆ ವಿಮೆ ಪತ್ರ ತೆಗೆದು ಒಂದೊಂದೇ ಅಂಕಿ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಸಮಾಧಾನ. ಒಂದು ಅಂಕಿ ಬೇರೆ ಇದ್ದರೂ ಇದನ್ನು ಪೂರ್ತಿ ಓದಿ.

ನಮ್ಮದು ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಸ್ವಲ್ಪ ತೆಂಗು, ಸ್ವಲ್ಪ ರಾಗಿ. ಮನೆ ನಡೆಯೋದು ಮಾತ್ರ ಹಾಲಿನಿಂದ. ಗೌರಿ ಅಂತ ಒಂದು ಸೀಮೆ ಹಸು ಇತ್ತು. ಕಪ್ಪು ಮೈ, ಹಣೆಯಲ್ಲಿ ಬಿಳಿ ಮಚ್ಚೆ. ಎರಡು ಹೊತ್ತು ಸೇರಿ 16 ಲೀಟರ್ ಕರೆಯುತ್ತಿತ್ತು. ಮನೆಗೆ ಎರಡು ಇಟ್ಟುಕೊಂಡು 14 ಲೀಟರ್ ಡೈರಿಗೆ ಹಾಕುತ್ತಿದ್ದೆವು.

2024ರ ಜುಲೈನಲ್ಲಿ ಅದಕ್ಕೆ ವಿಮೆ ಮಾಡಿಸಿದೆ. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜಾನುವಾರು ಮಿಷನ್ ಅನ್ನುವ ತನ್ನ ಯೋಜನೆಯ ನಿಯಮ ಬದಲಿಸಿ, ವಿಮೆ ಕಂತಿನಲ್ಲಿ ರೈತರ ಪಾಲನ್ನು ಶೇಕಡಾ 15ಕ್ಕೆ ಇಳಿಸಿತ್ತು. ಉಳಿದದ್ದನ್ನು ಸರ್ಕಾರಗಳೇ ಕಟ್ಟುತ್ತವೆ. 60 ಸಾವಿರದ ಹಸುವಿಗೆ ನನ್ನ ಕೈಯಿಂದ ಹೋದದ್ದು ಕೆಲವು ನೂರು ರೂಪಾಯಿ ಅಷ್ಟೆ. ಡಾಕ್ಟರು ಬಂದು ಬೆಲೆ ಕಟ್ಟಿದರು. ಓಲೆ ಕಾಣುವ ಹಾಗೆ ಹಸುವಿನ ಜೊತೆ ನನ್ನ ಫೋಟೋ ತೆಗೆದರು. ಪತ್ರ ಬಂತು. ಬೀರುವಿನಲ್ಲಿ ಇಟ್ಟೆ. ಮತ್ತೆ ತೆಗೆದು ನೋಡಲಿಲ್ಲ.

ನವೆಂಬರ್‌ನಲ್ಲಿ ಗೌರಿ ಗೋದಲಿಯ ಕಂಬಕ್ಕೆ ತಲೆ ಉಜ್ಜುವಾಗ ಓಲೆ ಸಿಕ್ಕಿಕೊಂಡು ಕಿವಿ ಹರಿಯಿತು. ಓಲೆ ಎಲ್ಲೋ ಸಗಣಿಯಲ್ಲಿ ಸೇರಿ ಗೊಬ್ಬರದ ಗುಂಡಿಗೆ ಹೋಯಿತು. ಕಿವಿಗೆ ಅರಿಶಿನ, ಬೇವಿನೆಣ್ಣೆ ಹಚ್ಚಿದೆವು. ಗಾಯ ಮಾಯಿತು. ಓಲೆ ಹೋಯಿತು ಅಂತ ಚಿಂತೆಯೇನೂ ಆಗಲಿಲ್ಲ. ಯಾಕೆಂದರೆ ಮುಂದಿನ ತಿಂಗಳೇ ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಮನೆ ಮನೆಗೆ ಬಂದರು. 2019ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮ ಅದು. ಆರು ತಿಂಗಳಿಗೊಮ್ಮೆ ಉಚಿತವಾಗಿ ಚುಚ್ಚುತ್ತಾರೆ, ಓಲೆ ಇಲ್ಲದ ದನಕ್ಕೆ ಓಲೆ ಹಾಕಿ ಕಂಪ್ಯೂಟರಿಗೆ ಸೇರಿಸುತ್ತಾರೆ. ಗೌರಿಯ ಇನ್ನೊಂದು ಕಿವಿಗೆ ಹೊಸ ಓಲೆ ಬಿತ್ತು. ನಾನೇ ಹಗ್ಗ ಹಿಡಿದುಕೊಂಡು ನಿಂತಿದ್ದೆ.

ನಾನು ತಪ್ಪಿದ್ದು ಅಲ್ಲೇ. ಹೊಸ ಓಲೆಗೆ ಹೊಸ ನಂಬರು. ವಿಮೆ ಪತ್ರದಲ್ಲಿ ಹಳೆಯ ನಂಬರು. ಹಳೆಯದು ಬಿದ್ದುಹೋಗಿದೆ ಅಂತ ಲಸಿಕೆಗೆ ಬಂದವರಿಗೆ ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ. ಓಲೆ ಬದಲಾವಣೆ ಅಂತ ದಾಖಲಾಗಬೇಕಿದ್ದ ಹಸು ಅವರ ಪಟ್ಟಿಯಲ್ಲಿ ಹೊಸ ಹಸುವಾಗಿ ಸೇರಿಹೋಯಿತು. ಅವರಿಗೆ ದಿನಕ್ಕೆ ನೂರಾರು ದನ, ಅವರನ್ನು ದೂರಿ ಪ್ರಯೋಜನವಿಲ್ಲ. ವಿಮೆ ಕಂಪನಿಗೆ ತಿಳಿಸುವ ಕೆಲಸ ಲಸಿಕೆಯವರದ್ದಲ್ಲ, ನಮ್ಮದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

2025ರ ಫೆಬ್ರವರಿಯಲ್ಲಿ ಗೌರಿ ಹೆಣ್ಣುಗರು ಹಾಕಿತು. ಮಾರ್ಚ್ ಕೊನೆಯಲ್ಲಿ ಜ್ವರ ಬಂತು. ಮೈಗೆ ಕಚ್ಚುವ ಉಣ್ಣೆ ಹುಳದಿಂದ ಬರುವ ಥೈಲೇರಿಯಾ ಅಂದರು ಡಾಕ್ಟರು. ಸೀಮೆ ಹಸುಗಳಿಗೆ ಅದು ಬೇಸಿಗೆಯಲ್ಲಿ ಬಹಳ ಕೆಟ್ಟದು. ಮೂರು ದಿನ ಇಂಜೆಕ್ಷನ್ ಆಯಿತು. ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ನೋಡಿದಾಗ ಕಣ್ಣು ಮೇಲೆ ಮಾಡಿ ಮಲಗಿತ್ತು. ಬೆಳಕು ಹರಿಯುವಷ್ಟರಲ್ಲಿ ಹೋಯಿತು.

ಆಮೇಲೆ ಮಾಡಬೇಕಾದ್ದನ್ನೆಲ್ಲ ಸರಿಯಾಗಿಯೇ ಮಾಡಿದೆ. ಬೆಳಗ್ಗೆಯೇ ವಿಮೆಯವರಿಗೆ ಫೋನ್ ಮಾಡಿದೆ. ಊರಿನವರು ಬೇಗ ಹೂಳು, ವಾಸನೆ ಬರುತ್ತದೆ ಅಂದರೂ ಡಾಕ್ಟರು ಬರುವ ತನಕ ಹೂಳಲಿಲ್ಲ. ಮರಣೋತ್ತರ ಪರೀಕ್ಷೆ ಆಯಿತು. ಓಲೆಯನ್ನು ಕಿವಿಯ ಸಮೇತ ತೆಗೆದು ಕೊಟ್ಟೆ. ಅದನ್ನು ಕೊಯ್ಯುವಾಗ ನನ್ನ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಂದೂವರೆ ತಿಂಗಳಾದ ಮೇಲೆ ಪತ್ರ ಬಂತು. ಓಲೆ ಸಂಖ್ಯೆ ತಾಳೆಯಾಗುತ್ತಿಲ್ಲ, ಪರಿಹಾರ ಇಲ್ಲ. ಓಡಿ ಹೋಗಿ ಕೇಳಿದೆ. ಅಲ್ಲಿದ್ದವರು ಒರಟಾಗಿಯೇನೂ ಮಾತಾಡಲಿಲ್ಲ. ‘ನಿಮ್ಮ ಹಸು ಸತ್ತಿರೋದು ನಿಜ. ಆದರೆ ನಾವು ವಿಮೆ ಮಾಡಿದ ಹಸು ಇದೇ ಅಂತ ಹೇಗೆ ನಂಬೋದು?’ ಅಂದರು. ಹಣೆಯ ಮಚ್ಚೆ ತೋರಿಸಿದೆ, ಹಳೇ ಫೋಟೋ ತೋರಿಸಿದೆ. ಕಪ್ಪು ಹಸುಗಳೆಲ್ಲ ಒಂದೇ ಥರ ಕಾಣುತ್ತವೆ ಅಂದರು. ಓಲೆ ಇಲ್ಲದಿದ್ದರೆ ಪರಿಹಾರ ಇಲ್ಲ ಅನ್ನುವ ಸಾಲನ್ನು ನನ್ನದೇ ವಿಮೆ ಪತ್ರದಲ್ಲಿ ಬೆರಳಿಟ್ಟು ತೋರಿಸಿದರು. ಸಣ್ಣ ಅಕ್ಷರದ ಇಂಗ್ಲಿಷ್.

ಓಲೆ ಬಿದ್ದುಹೋದ ದಿನವೇ ನಾನು ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು ವಿಮೆಯವರಿಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡಿದ್ದರೆ ಸಾಕಿತ್ತು. ಹೊಸ ಓಲೆ ಹಾಕಿಸಿದ ಮೇಲೆ ಆ ನಂಬರನ್ನು ಪತ್ರಕ್ಕೆ ಸೇರಿಸಿಸಬೇಕಿತ್ತು. ಹರಿದ ಕಿವಿಯ ಒಂದು ಫೋಟೋ, ಹೊಸ ಓಲೆ ಕಾಣುವ ಇನ್ನೊಂದು ಫೋಟೋ. ಫೋನು ಜೇಬಿನಲ್ಲೇ ಇತ್ತು, ಅಲ್ವಾ? ಇನ್ನೂ ಒಂದು ಮಾತು. ಲಸಿಕೆಯವರು ಹಾಕುವ ಓಲೆಯೇ ವಿಮೆ ಅಂತ ನಮ್ಮೂರಲ್ಲಿ ಎಷ್ಟೋ ಜನ ನಂಬಿದ್ದಾರೆ. ಅದು ಗುರುತಿನ ಸಂಖ್ಯೆ ಮಾತ್ರ. ವಿಮೆ ಬೇರೆಯೇ ಮಾಡಿಸಬೇಕು. ವಿಮೆ ಇರುವ ಹಸುವನ್ನು ಕೊಂಡರೆ ಪತ್ರವನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಹಸುವಿನ ಹಗ್ಗದ ಜೊತೆ ವಿಮೆ ತಾನಾಗಿ ಬರುವುದಿಲ್ಲ.

ಡಾಕ್ಟರು ನೋಡುವ ಮೊದಲು ಹೂಳಬೇಡಿ ಅನ್ನೋದನ್ನು ವಿಮೆ ಇಲ್ಲದವರಿಗೂ ಹೇಳುತ್ತೇನೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸರ್ಕಾರ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ಪರಿಹಾರ ಕೊಟ್ಟಿತು. ನಮ್ಮ ಪಕ್ಕದ ಮನೆಯವರ ಎತ್ತು ಅದೇ ರೋಗಕ್ಕೆ ಸತ್ತಿತ್ತು. ಯಾರಿಗೂ ತಿಳಿಸದೆ ಸಂಜೆಯೇ ಹೂತರು. ಅವರಿಗೆ ಒಂದು ರೂಪಾಯಿಯೂ ಬರಲಿಲ್ಲ. ಕಾಯಿಲೆ ಬಿದ್ದಾಗಲೇ 1962ಕ್ಕೆ ಕರೆ ಮಾಡಿ. ಪಶು ಸಂಜೀವಿನಿ ಗಾಡಿ ಬರುತ್ತದೆ, ಚಿಕಿತ್ಸೆಯೂ ಆಗುತ್ತದೆ, ದಾಖಲೆಯೂ ಉಳಿಯುತ್ತದೆ.

ಗೌರಿ ಹೋದ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಕೈಯಲ್ಲಿ ಕಾಸಿಲ್ಲದೆ, ಪ್ರೋತ್ಸಾಹಧನ ಯಾವಾಗ ಬರುತ್ತದೆ ಅಂತ ಡೈರಿ ಕಾರ್ಯದರ್ಶಿಯನ್ನು ಕೇಳಿದೆ. ಲೀಟರಿಗೆ 5 ರೂಪಾಯಿ ಸರ್ಕಾರ ಕೊಡುತ್ತದಲ್ಲ, ಅದು. 2008ರಲ್ಲಿ 2 ರೂಪಾಯಿಯಿಂದ ಶುರುವಾಗಿ 2013ರಲ್ಲಿ 4 ಆಗಿ, 2016ರಲ್ಲಿ 5 ಆಯಿತು. ನನ್ನ ಲೆಕ್ಕದಲ್ಲಿ ತಿಂಗಳಿಗೆ 2,100 ರೂಪಾಯಿ. ‘ನಿನಗೆ ಬಂದಿಲ್ವಾ? ಎಲ್ಲರಿಗೂ ಬಂದಿದೆಯಲ್ಲ’ ಅಂದರು ಅವರು.

ಆ ಹಣ ತಿಂಗಳುಗಟ್ಟಲೆ ತಡವಾಗೋದು ನಮಗೆಲ್ಲ ರೂಢಿ. ಬರುತ್ತೆ ಬಿಡು ಅಂತ ಸುಮ್ನೆ ಇರುತ್ತೇವೆ. ಹಾಗಾಗಿ ತಡವಾಗಿದೆಯೋ ದಾರಿ ತಪ್ಪಿದೆಯೋ ಗೊತ್ತೇ ಆಗೋದಿಲ್ಲ. ನನ್ನದು ಏಳು ತಿಂಗಳಿಂದ ಬೇರೆ ಖಾತೆಗೆ ಹೋಗುತ್ತಿತ್ತು. ಹಿಂದಿನ ವರ್ಷ ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಸಿಮ್ ತೆಗೆದುಕೊಂಡಾಗ ಅವರ ಹತ್ತಿರವೇ ಒಂದು ಖಾತೆ ತೆರೆಸಿದ್ದರು. ಎರಡು ಸಲ ಹೆಬ್ಬೆಟ್ಟು ಒತ್ತಿದೆ. ಒಂದು ಒತ್ತು ಖಾತೆಗೆ. ಇನ್ನೊಂದು ನನ್ನ ಆಧಾರ್‌ಗೆ ಬರುವ ಸರ್ಕಾರದ ಹಣವೆಲ್ಲ ಇಲ್ಲಿಗೇ ಬರಲಿ ಅನ್ನುವುದಕ್ಕೆ. ನೇರ ನಗದು ವರ್ಗಾವಣೆ, ಅಂದರೆ ಡಿಬಿಟಿ, ನಡೆಯೋದು ಹೀಗೆ. ಆಧಾರ್ ಎಷ್ಟು ಖಾತೆಗೆ ಜೋಡಣೆಯಾಗಿದ್ದರೂ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ದಾಟಿಸುವ ವ್ಯವಸ್ಥೆ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಒಂದೇ ಬ್ಯಾಂಕಿನ ಹೆಸರು ಇರುತ್ತದೆ. ಕೊನೆಗೆ ಒಪ್ಪಿಗೆ ಕೊಟ್ಟ ಬ್ಯಾಂಕು ಅದು. ನೀವು ಡೈರಿಗೆ ಕೊಟ್ಟ ಪಾಸ್‌ಬುಕ್ ಯಾವುದು ಅಂತ ಅದು ನೋಡೋದಿಲ್ಲ.

ಪುಣ್ಯಕ್ಕೆ ಈ ಹಣ ಸಿಕ್ಕಿತು, ಯಾರೂ ಕದ್ದಿರಲಿಲ್ಲ. ನಮ್ಮ ಹಳೇ ಬ್ಯಾಂಕಿನಲ್ಲಿ ಒಂದು ಅರ್ಜಿ ತುಂಬಿ ಆಧಾರ್ ವಾಪಸ್ ಅಲ್ಲಿಗೇ ಜೋಡಿಸಿಕೊಂಡೆ. ನೀವು ಆಧಾರ್ ವೆಬ್‌ಸೈಟಿನಲ್ಲಿ ನಿಮ್ಮ ಮೊಬೈಲಿಗೆ ಬರುವ ಒಟಿಪಿ ಹಾಕಿ ಯಾವ ಬ್ಯಾಂಕು ಅಂತ ನೋಡಬಹುದು. ಡಿಬಿಟಿ ಕರ್ನಾಟಕ ಅನ್ನುವ ಆ್ಯಪ್‌ನಲ್ಲಿ ಯಾವ ಯೋಜನೆಯ ಎಷ್ಟು ಹಣ ಯಾವ ಖಾತೆಗೆ ಹೋಯಿತು ಅನ್ನೋದೂ ಸಿಗುತ್ತದೆ. ಮಕ್ಕಳ ಕೈಲಿ ಹಾಕಿಸಿಕೊಳ್ಳಿ. ಆದರೆ ಆ ಒಟಿಪಿಯನ್ನು ಫೋನಿನಲ್ಲಿ ಕೇಳುವ ಯಾರಿಗೂ ಹೇಳಬೇಡಿ.

ವಿಮೆ ವಿಷಯಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದ್ದೇನೆ. 5 ಲಕ್ಷದ ಒಳಗಿನ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ಕಿವಿ ಹರಿದಿದ್ದ ಗುರುತು ಮರಣೋತ್ತರ ವರದಿಯಲ್ಲಿ ಬರೆದಿದೆ. ನನ್ನ ಹತ್ತಿರ ಇರುವ ಗಟ್ಟಿ ಸಾಕ್ಷಿ ಅದೊಂದೇ. ಇನ್ನೂ ನಡೆಯುತ್ತಿದೆ.

ಗೌರಿಯ ಕರು ಈಗ ಕಡಸಾಗುತ್ತಿದೆ. ತಾಯಿಯ ಹಾಗೇ ಹಣೆಯಲ್ಲಿ ಮಚ್ಚೆ. ಅದಕ್ಕೂ ಓಲೆ ಹಾಕಿಸಿದ್ದೇವೆ. ಹಾಕಿಸಿದ ದಿನವೇ ನನ್ನ ಮಗಳು ಆ 12 ಅಂಕಿಗಳನ್ನು ಕೊಟ್ಟಿಗೆಯ ಗೋಡೆ ಮೇಲೆ ದೊಡ್ಡದಾಗಿ ಬಣ್ಣದಲ್ಲಿ ಬರೆದಳು. ತಿಂಗಳಿಗೊಮ್ಮೆ ಹಾಲು ಕರೆಯುವ ಹೊತ್ತಿಗೆ ಬಂದು ಅವಳು ಗೋಡೆಯ ನಂಬರು ಓದುತ್ತಾಳೆ, ನಾನು ಓಲೆಯದ್ದು ಓದುತ್ತೇನೆ.