ಮೊಹರಿನ ಕೆಳಗಿನ ಸಣ್ಣ ಅಕ್ಷರ ಓದಿ, ಜಾಗವನ್ನು ಅಮಾವಾಸ್ಯೆಗೆ ನೋಡಿ

ಕಾರವಾರದಲ್ಲಿ ಕಾಳಿ ನದಿಯ ದಂಡೆಗೆ ನಿವೇಶನ ಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲು ಇದನ್ನು ಓದಿ. ನಾನು 3 ಲಕ್ಷ ರೂಪಾಯಿ ಕೊಟ್ಟ ಮೇಲೆ ಕಲಿತ ಪಾಠ ಇದು.

ಗೋವಾದ ಕೆಲಸ ಬಿಟ್ಟು ಊರಿಗೆ ಮರಳುವ ಯೋಚನೆಯಲ್ಲಿದ್ದಾಗ ಹೆಂಡತಿಯ ಕಡೆಯ ನೆಂಟರ ಮೂಲಕ ಒಬ್ಬ ದಲ್ಲಾಳಿ ಸಿಕ್ಕಿದ. ಕೋಡಿಬಾಗದ ಕಡೆ, ನದಿಗೆ ಮುಖ ಮಾಡಿದ ಐದು ಗುಂಟೆ. "ಭಾವಾ, ದಂಡೆಯುದ್ದಕ್ಕೂ ನಡಿಗೆಪಥ ಬರುತ್ತದೆ, ದೀಪ ಬರುತ್ತದೆ. ಎರಡು ವರ್ಷ ತಡೆಯಿರಿ, ಆಮೇಲೆ ನೀವು ಹೇಳಿದ್ದೇ ಬೆಲೆ" ಎಂದ. ಕೈಯಲ್ಲೊಂದು ಬಣ್ಣದ ಚಿತ್ರ: ಬೆಂಚು, ತಾಳೆಮರ, ಐಸ್‌ಕ್ರೀಮ್ ತಿನ್ನುವ ಮಕ್ಕಳು. ಕೋಡಿಬಾಗದ ಚಿತ್ರದಲ್ಲಿ ಒಂದಾದರೂ ಮೀನಿನ ಬುಟ್ಟಿ ಇರಬೇಡವೇ? ಆಗಲೇ ಅನುಮಾನ ಬರಬೇಕಿತ್ತು.

ಚಿತ್ರದ ಜೊತೆಗೆ ಬಡಾವಣೆಯ ನಕ್ಷೆ. ಅದರ ಮೂಲೆಯಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ನೇರಳೆ ಬಣ್ಣದ ದುಂಡು ಮೊಹರು. ನನ್ನ ಕಣ್ಣು ಅಲ್ಲಿಗೇ ನಿಂತಿತು. ತಿಂಗಳ ನಂತರ ಪ್ರಾಧಿಕಾರದ ಕಚೇರಿಗೆ ಹೋದಾಗ ಗುಮಾಸ್ತರು ಕನ್ನಡಕ ಹಣೆಗೇರಿಸಿ ನೋಡಿ, "ಇದು ಟಪಾಲಿನ ಮೊಹರು. ಅರ್ಜಿ ಬಂದಿದೆ ಎಂದಷ್ಟೇ ಅರ್ಥ" ಎಂದರು. ಮೊಹರಿನ ಕೆಳಗೆ 'ಸ್ವೀಕರಿಸಲಾಗಿದೆ' ಎಂದು ಸ್ಪಷ್ಟವಾಗಿಯೇ ಇತ್ತು. ಆ ಅರ್ಜಿ ತಿರಸ್ಕೃತವಾಗಿ ವಾಪಸು ಹೋಗಿತ್ತಂತೆ.

ಇನ್ನು ಜಾಗದ ಮಾತು. ಅವನು ತೋರಿಸಿದ್ದು ಅಷ್ಟಮಿಯ ದಿನ ಹನ್ನೊಂದು ಗಂಟೆಗೆ, ಇಳಿತದ ಹೊತ್ತಿನಲ್ಲಿ. ಹೊಸ ಕೆಂಪು ಮಣ್ಣು, ಚಿರೆಕಲ್ಲಿನ ಗಡಿ, ಎಲ್ಲವೂ ಒಣಗಿ ಚೊಕ್ಕಟ. ಪಕ್ಕದಲ್ಲಿ ಮೀನು ಒಣಗಿಸುತ್ತಿದ್ದ ಅಕ್ಕ ನನ್ನನ್ನು ನೋಡಿ, "ಅಷ್ಟಮಿಗೆ ನೀರೆಲ್ಲಿ ಏರುತ್ತದೆ ತಮ್ಮಾ? ಅಮಾವಾಸ್ಯೆಗೆ ಬಾ" ಎಂದಿದ್ದಳು. ಹಣ ಕೊಟ್ಟ ಮೇಲೆ ಹೋದೆ. ಮಧ್ಯಾಹ್ನದ ಭರತಿಗೆ, ಅಂದರೆ ಉಬ್ಬರಕ್ಕೆ, ನೀರು ಗಡಿಕಲ್ಲನ್ನು ದಾಟಿ ಬರಲಿಲ್ಲ, ಅಡಿಯಿಂದ ಒಸರಿ ಮೇಲೆ ಬಂತು. ಕೆಂಪು ಮಣ್ಣಿನಲ್ಲಿ ಏಡಿಯ ಬಿಲಗಳು ಗುಳುಗುಳು ಎನ್ನುತ್ತಿದ್ದವು. ಅಂಚಿನಲ್ಲಿ ಮಣ್ಣು ಹಾಕಿ ಮುಚ್ಚಿದ್ದ ಕಾಂಡ್ಲಾದ (ಉಪ್ಪುನೀರಿನ ದಂಡೆಯಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡದ) ಬೇರುಗಳು ಮೊಳೆಗಳಂತೆ ತಲೆಯೆತ್ತಿದ್ದವು.

ಕಟ್ಟಡಕ್ಕೆ ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯವೆಂದರೆ (ಸಿಆರ್‌ಝಡ್) ಸಮುದ್ರದ ಮಗ್ಗುಲಿಗೆ ಮಾತ್ರ ಎಂದುಕೊಂಡಿದ್ದೆ. ಉಬ್ಬರದ ನೀರು ಒಳಬರುವ ನದಿಯ ಎರಡೂ ದಂಡೆಗೆ ಅದು ಅನ್ವಯಿಸುತ್ತದೆ. 2019ರ ಅಧಿಸೂಚನೆಯ ಪ್ರಕಾರ ಉಬ್ಬರದ ಗೆರೆಯಿಂದ 50 ಮೀಟರ್, ಅಥವಾ ಹೊಳೆಯ ಅಗಲ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟು. ನದಿಗೆ ತಾಗಿದ ನನ್ನ ಐದು ಗುಂಟೆ ಇಡಿಯಾಗಿ ಅದರೊಳಗೆ. ಕಟ್ಟಡಗಳಿರುವ ಪೇಟೆಯ ಭಾಗವಾದರೆ, ಮೊದಲಿನಿಂದ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಒಳಮಗ್ಗುಲಿಗೆ ಮನೆ ಕಟ್ಟಲು ಅವಕಾಶವುಂಟು. ಇಲ್ಲಿ ನದಿಗೂ ನಿವೇಶನಕ್ಕೂ ನಡುವೆ ರಸ್ತೆಯೇ ಇಲ್ಲ. ಮುಂದೆ ಯಾವತ್ತೋ ಆಗುವ ನಡಿಗೆಪಥ ಹಳೆಯ ರಸ್ತೆಯ ಲೆಕ್ಕಕ್ಕೆ ಬರುವುದಿಲ್ಲ.

ಸರ್ವೆ ನಂಬರ್ ಹಿಡಿದು ನೀವೇ ಪ್ರಾಧಿಕಾರಕ್ಕೆ ಹೋಗಿ. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಆ ಜಾಗ ಯಾವ ಬಳಕೆಗಿದೆ, ಬಡಾವಣೆಯ ಅನುಮೋದನೆ ಆದೇಶ ಇದೆಯೇ ಎಂದು ಕೇಳಿ. ಬಿನ್‌ಶೇತ್ಕಿ ಆದೇಶವನ್ನೂ (ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ) ಪಹಣಿಯನ್ನೂ ಒಟ್ಟಿಗೆ ಇಟ್ಟು ನೋಡಿ. ನೋಂದಣಿಯಿಲ್ಲದ ಕರಾರಿಗೆ ಸಹಿ ಹಾಕಿ ನಗದು ಕೊಡಬೇಡಿ. ನಾನು ಕೊಟ್ಟಿದ್ದೆ. ಈವರೆಗೆ 80 ಸಾವಿರ ವಾಪಸು ಬಂದಿದೆ, ಉಳಿದದ್ದಕ್ಕೆ ಪ್ರತಿ ಸೋಮವಾರ ಫೋನ್ ಮಾಡುತ್ತೇನೆ.

ಕಳೆದ ವಾರ ಅಂಕೋಲಾದ ಚಿಕ್ಕಪ್ಪನ ಮಗನ ಮೊಬೈಲಿಗೂ ಆ ಚಿತ್ರ ಬಂದಿದೆ. ಅದೇ ಬೆಂಚು, ಅದೇ ಮಕ್ಕಳು. ಜಾಗ ಮಾತ್ರ ಈಗ ಆರು ಗುಂಟೆ.