ಗ್ಯಾಜೆಟ್-4, ರಾಮ್ಸೆಸ್: ಒಂದೇ ಡೆಸ್ಕ್‌ಟಾಪಿನಲ್ಲಿ ಎರಡನ್ನೂ ಓಡಿಸಿದಾಗ

ಮಾನಸಗಂಗೋತ್ರಿಯಲ್ಲಾಗಲಿ ಮಂಡ್ಯದ ಕಾಲೇಜಿನಲ್ಲಾಗಲಿ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಗ್ಯಾಲಕ್ಸಿ ಸಿಮ್ಯುಲೇಶನ್ ಹಿಡಿದವರ ಕೈಗೆ ಸಿಗುವುದು ಹೆಚ್ಚೆಂದರೆ ಒಂದು ಒಳ್ಳೆಯ ಡೆಸ್ಕ್‌ಟಾಪ್. ಗ್ಯಾಜೆಟ್-4, ರಾಮ್ಸೆಸ್ ಎರಡೂ ಇಂಥ ಸಿಮ್ಯುಲೇಶನ್ ಓಡಿಸುವ ಪ್ರೋಗ್ರಾಂಗಳು. ಡಾರ್ಕ್ ಮ್ಯಾಟರ್ (ಗುರುತ್ವದಿಂದಷ್ಟೇ ಗೊತ್ತಾಗುವ, ಕಾಣದ ದ್ರವ್ಯ) ಮಾತ್ರ ಸಾಕೆಂದರೆ ಗ್ಯಾಜೆಟ್-4 ಹಿಡಿಯಿರಿ. ಅನಿಲವೂ ಬೇಕೆಂದರೆ ರಾಮ್ಸೆಸ್.

ಹೋಲಿಕೆಗೆ ಇಟ್ಟುಕೊಂಡದ್ದು ಬದಿ 50 ಮೆಗಾಪಾರ್ಸೆಕ್/ಎಚ್ ಇರುವ ಪೆಟ್ಟಿಗೆ (ಒಂದು ಮೆಗಾಪಾರ್ಸೆಕ್ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ, ಎಚ್ ಎಂದರೆ ಹಬಲ್ ಸ್ಥಿರಾಂಕದ ನೂರನೇ ಒಂದು ಭಾಗ, ಸುಮಾರು 0.7), 256ರ ಘನದಷ್ಟು, ಅಂದರೆ ಸುಮಾರು 1.68 ಕೋಟಿ ಕಣ. ಒಂದೊಂದು ಕಣ ಸುಮಾರು 64 ಕೋಟಿ ಸೌರರಾಶಿ/ಎಚ್. ಆರಂಭ ರೆಡ್‌ಶಿಫ್ಟ್ 49ರಲ್ಲಿ, ಅಂದರೆ ಬ್ರಹ್ಮಾಂಡ ಈಗಿನದರ ಐವತ್ತನೇ ಒಂದು ಭಾಗಕ್ಕೆ ಕುಗ್ಗಿದ್ದಾಗ. ಕಣಗಳ ಆರಂಭದ ಸ್ಥಾನ, ವೇಗ ತಯಾರಿಸಲು ಗ್ಯಾಜೆಟ್ ಒಳಗೇ ಇರುವ ಎನ್-ಜೆನಿಕ್ ಬಳಸಬೇಡಿ. ಅದಕ್ಕೂ ಅಂಥದೇ ಇನ್ನೊಂದು ಪ್ರೋಗ್ರಾಂ ಮ್ಯೂಸಿಕ್‌ಗೂ ಸೀಡ್ ಸಂಖ್ಯೆ (ಯಾದೃಚ್ಛಿಕ ಸಂಖ್ಯೆಗಳ ಆರಂಭ ಬಿಂದು) ಒಂದೇ ಕೊಟ್ಟರೂ ಎರಡು ಬೇರೆ ಬ್ರಹ್ಮಾಂಡ ಹುಟ್ಟುತ್ತವೆ. ಎರಡಕ್ಕೂ ಮ್ಯೂಸಿಕ್‌ನಿಂದಲೇ ಫೈಲ್ ತೆಗೆಯಿರಿ. ಆ ಫೈಲ್ ಮೆಗಾಪಾರ್ಸೆಕ್‌ನಲ್ಲಿದ್ದು ಗ್ಯಾಜೆಟ್‌ನ ಪ್ಯಾರಾಮೀಟರ್ ಫೈಲ್ ಕಿಲೋಪಾರ್ಸೆಕ್‌ನಲ್ಲಿದ್ದರೆ ಕಣಗಳೆಲ್ಲ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಮುದುಡಿ ಕೂರುತ್ತವೆ.

ದೊಡ್ಡ ಹೇಲೋಗಳಲ್ಲಿ (ಗುರುತ್ವದಿಂದ ಕೂಡಿಕೊಂಡ ಡಾರ್ಕ್ ಮ್ಯಾಟರ್ ಮುದ್ದೆಗಳಲ್ಲಿ) ಎರಡೂ ಚೆನ್ನಾಗಿ ತಾಳೆಯಾಗುತ್ತವೆ. ಚಿಕ್ಕವುಗಳ ಲೆಕ್ಕದಲ್ಲಿ ರಾಮ್ಸೆಸ್ ಹಿಂದೆ ಬೀಳುತ್ತದೆ, ಕಾರಣ ಸ್ಪಷ್ಟ. ಅದು ಗದ್ದೆಯನ್ನು ಮಡಿ ಮಾಡಿದ ಹಾಗೆ ಜಾಗವನ್ನು ಚೌಕ ಹಾಕುತ್ತದೆ. ಲೆವೆಲ್‌ಮಿನ್, ಅಂದರೆ ತಳದ ಜಾಲದ ಮಟ್ಟ, 8 ಇಟ್ಟರೆ ಒಂದು ಚೌಕ 195 ಕಿಲೋಪಾರ್ಸೆಕ್/ಎಚ್. ಸಾಮಾನ್ಯವಾಗಿ ಇಡುವ ಮಿತಿಯಂತೆ ಒಂದು ಚೌಕದಲ್ಲಿ ಎಂಟು ಕಣಕ್ಕಿಂತ ಹೆಚ್ಚು ಸೇರಿದ ಮೇಲಷ್ಟೇ ಅದು ಒಡೆಯುವುದು. ಅಷ್ಟು ಕೂಡುವ ಮುನ್ನ ಪುಟ್ಟ ಹೇಲೋಗೆ ಗುರುತ್ವದ ಬಿಗಿ ಸಿಗುವುದೇ ಇಲ್ಲ. ಗ್ಯಾಜೆಟ್‌ನಲ್ಲಿ ಸಾಫ್ಟನಿಂಗ್ (ಇದಕ್ಕಿಂತ ಹತ್ತಿರದ ಕಣಗಳ ಸೆಳೆತವನ್ನು ಮೆದುಗೊಳಿಸುವ ದೂರ) ಸುಮಾರು 6.5 ಕಿಲೋಪಾರ್ಸೆಕ್/ಎಚ್, ಅದೂ ಮೊದಲಿನಿಂದಲೇ. ಲೆವೆಲ್‌ಮ್ಯಾಕ್ಸ್ 13 ಮಾಡಿದರೆ ರಾಮ್ಸೆಸ್‌ನ ಅತಿ ಸಣ್ಣ ಚೌಕ 6.1 ಆಗುತ್ತದೆ, ಆದರೆ ಈ ಕೊರತೆ ತುಂಬುವುದಿಲ್ಲ. ಲೆವೆಲ್‌ಮಿನ್ 9 ಮಾಡಿದರೆ ತುಸು ತುಂಬುತ್ತದೆ. ತಳದ ಜಾಲದ ಮೆಮೊರಿ ಮಾತ್ರ ಎಂಟು ಪಟ್ಟು.

ಮೆಮೊರಿಯೇ ರಾಮ್ಸೆಸ್‌ನ ತಲೆನೋವು. ಲೆವೆಲ್ 8ರ ತಳದ ಜಾಲಕ್ಕೇ ಸುಮಾರು 24 ಲಕ್ಷ ಗ್ರಿಡ್ (ಒಂದು ಗ್ರಿಡ್ ಎಂದರೆ ಎಂಟು ಚೌಕಗಳ ಗುಂಪು) ಬೇಕು. ಎನ್‌ಗ್ರಿಡ್‌ಟಾಟ್, ಅಂದರೆ ಒಟ್ಟು ಗ್ರಿಡ್‌ಗಳ ಮಿತಿ, ಒಂದು ಕೋಟಿ ಕೊಟ್ಟು ಶುರು ಮಾಡಿ. ಕಡಿಮೆ ಕೊಟ್ಟರೆ ಹೇಲೋಗಳು ದಟ್ಟವಾಗುವ ಹೊತ್ತಿಗೆ, ಅಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆದ ಮೇಲೆ, ನಿಂತುಬಿಡುತ್ತದೆ.

ಕರೆಂಟ್ ಹೋದರೆ? ಗ್ಯಾಜೆಟ್‌ನಲ್ಲಿ ರೀಸ್ಟಾರ್ಟ್ ಫೈಲಿನ ಅವಧಿ 1800 ಸೆಕೆಂಡ್ ಇಡಿ, ಮತ್ತೆ ಓಡಿಸುವಾಗ ಆಜ್ಞೆಯ ಕೊನೆಗೆ 1 ಸೇರಿಸಿ. ರಾಮ್ಸೆಸ್ ಕೊನೆಯ ಔಟ್‌ಪುಟ್‌ನಿಂದ ಎದ್ದೇಳುತ್ತದೆ, ಆದ್ದರಿಂದ ಎಫ್‌ಔಟ್‌ಪುಟ್ (ಎಷ್ಟು ಹೆಜ್ಜೆಗೊಮ್ಮೆ ಔಟ್‌ಪುಟ್ ಬರೆಯಬೇಕೆಂಬ ಸಂಖ್ಯೆ) ಸಣ್ಣದಿರಲಿ. ಎರಡರಲ್ಲೂ ಪ್ರೊಸೆಸ್ ಸಂಖ್ಯೆ ಬದಲಿಸಬಾರದು.

ಅನಿಲದಲ್ಲಿ ಮಾತು ತಿರುಗುತ್ತದೆ. ಬಿಸಿ ಗಾಳಿಗೆ ಸಿಕ್ಕ ತಣ್ಣನೆಯ ಅನಿಲದ ಉಂಡೆ ಚಿಂದಿಯಾಗಬೇಕು. ಸಾಂದ್ರತೆ ಥಟ್ಟನೆ ಬದಲಾಗುವ ಅಂಚಿನಲ್ಲಿ ಹಳೆಯ ಎಸ್‌ಪಿಎಚ್ (ಅನಿಲವನ್ನು ಕಣಗಳಾಗಿ ಲೆಕ್ಕ ಹಾಕುವ ಗ್ಯಾಜೆಟ್ ವಂಶದ ವಿಧಾನ) ನಿಜದಲ್ಲಿ ಇಲ್ಲದ ಮೇಲ್ಮೈ ಎಳೆತ ಹುಟ್ಟಿಸಿ ಉಂಡೆಯನ್ನು ಕಾಪಾಡಿಬಿಡುತ್ತದೆ. ರಾಮ್ಸೆಸ್ ಚಿಂದಿ ಮಾಡುತ್ತದೆ. ಆದರೆ ಜಾಲದ ಮೇಲೆ ವೇಗವಾಗಿ ಸರಿಯುವ ಗ್ಯಾಲಕ್ಸಿಯ ಅಂಚು ಕಲಸಿಹೋಗುತ್ತದೆ. ಜಾಲವೇ ಅನಿಲದೊಡನೆ ಚಲಿಸುವ ಅರೇಪೋ ಈ ಎರಡೂ ತೊಂದರೆಯನ್ನು ತಗ್ಗಿಸುತ್ತದೆ. ಇಲಸ್ಟ್ರಿಸ್ ಟಿಎನ್‌ಜಿ ಎಂಬ ದೊಡ್ಡ ಗ್ಯಾಲಕ್ಸಿ ಸಿಮ್ಯುಲೇಶನ್ ಮಾಡಿದ್ದು ಅದರಲ್ಲೇ, ಆದರೆ ಟಿಎನ್‌ಜಿಯ ಗ್ಯಾಲಕ್ಸಿ ಮಾದರಿ ಅರೇಪೋದ ಸಾರ್ವಜನಿಕ ಆವೃತ್ತಿಯಲ್ಲಿ ಸಿಗುವುದಿಲ್ಲ.